ಹಣ ಕೇಳುವವರು ಹಂಚಿಕೆದಾರರಲ್ಲ

ವಿದ್ಯಾರ್ಥಿಗಳು ತಯಾರಿಸಿದ ಸಿನಿಮಾಗಳ ಹಂಚಿಕೆಯ ಬಗ್ಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಊರುಗಳಿಂದ ಕೇಳುತ್ತವೆ. ನಾನು ಒಬ್ಬೊಬ್ಬರಿಗೂ ಪ್ರತ್ಯೇಕವಾಗಿ ಉತ್ತರ ಬರೆಯುವಷ್ಟರಲ್ಲಿ ಇನ್ನೊಂದು ತಂಡ ಹಣ ಕಳೆದುಕೊಂಡಿರುತ್ತದೆ. ಆದ್ದರಿಂದ ಈ ಸಲ ಒಂದು ಪತ್ರಕ್ಕೆ ಹೆಚ್ಚಿನ ಜಾಗ ಕೊಟ್ಟಿದ್ದೇನೆ. ಯಾವ ಕ್ಯಾಮೆರಾ ಒಳ್ಳೆಯದು, ಎಡಿಟಿಂಗ್ ಎಲ್ಲಿ ಮಾಡಿಸಬೇಕು ಎಂಬ ಪ್ರಶ್ನೆಗಳನ್ನು ದಯವಿಟ್ಟು ನನಗೆ ಕಳುಹಿಸಬೇಡಿ.

ಪ್ರಶ್ನೆ: ನಾವು ಕಾಲೇಜಿನ ಆರು ಮಂದಿ ಗೆಳೆಯರು ಕೈಯಿಂದ ಹಣ ಹಾಕಿ ತೀರ್ಥಹಳ್ಳಿಯ ಸುತ್ತಮುತ್ತ 38 ನಿಮಿಷಗಳ ಸಿನಿಮಾ ಮಾಡಿದ್ದೇವೆ. ಬೆಂಗಳೂರಿನ ಒಬ್ಬರು 60,000 ರೂಪಾಯಿ ಕೊಟ್ಟರೆ ದೊಡ್ಡ ಒಟಿಟಿಯಲ್ಲಿ ಖಂಡಿತ ಬಿಡುಗಡೆ ಮಾಡಿಸುತ್ತೇನೆ ಎಂದು ಹೇಳಿ ಒಪ್ಪಂದ ಪತ್ರವನ್ನೂ ಕಳುಹಿಸಿದ್ದಾರೆ. ಕೊಡಬಹುದೇ? ಬೇಡವೆಂದರೆ ಬೇರೆ ದಾರಿ ಏನಿದೆ?
— ಒಬ್ಬ ವಿದ್ಯಾರ್ಥಿ, ತೀರ್ಥಹಳ್ಳಿ

ಉತ್ತರ: ಕೊಡಬೇಡಿ. ಹಂಚಿಕೆದಾರರು ಚಿತ್ರವನ್ನು ಕೊಂಡುಕೊಳ್ಳುತ್ತಾರೆ, ಅಥವಾ ಮಿನಿಮಮ್ ಗ್ಯಾರಂಟಿ (ಚಿತ್ರದ ಗಳಿಕೆ ಎಷ್ಟೇ ಇರಲಿ, ನಿಮಗೆ ಇಷ್ಟು ಖಚಿತ ಎಂಬ ಮೊತ್ತ) ಕೊಡುತ್ತಾರೆ, ಅದೂ ಇಲ್ಲವಾದರೆ ಗಳಿಕೆಯಲ್ಲಿ ಕಮಿಷನ್ ಹಿಡಿದುಕೊಳ್ಳುತ್ತಾರೆ. ಈ ಮೂರರಲ್ಲಿ ಯಾವುದನ್ನೂ ಮಾಡದೆ ನಿರ್ಮಾಪಕರಿಂದಲೇ ಮುಂಗಡ ಕೇಳುವವರು ಹಂಚಿಕೆದಾರರಲ್ಲ. ಚಿತ್ರವನ್ನು ಒಟಿಟಿಯ ತಾಂತ್ರಿಕ ಮಾನದಂಡಕ್ಕೆ ಹೊಂದಿಸಿ ತಲುಪಿಸಿಕೊಡುವ ಅಗ್ರಿಗೇಟರ್‌ಗಳು ಇದ್ದಾರೆ, ಅವರು ಆ ಕೆಲಸಕ್ಕೆ ಬಿಲ್ ಕೊಟ್ಟು ಶುಲ್ಕ ಪಡೆಯುವುದೂ ಉಂಟು. ಆದರೆ ಚಿತ್ರವನ್ನು ತೆಗೆದುಕೊಳ್ಳುವುದೋ ಬಿಡುವುದೋ ಎಂಬ ತೀರ್ಮಾನ ಒಟಿಟಿ ಸಂಸ್ಥೆಯದು. ಹೊರಗಿನವರು ಅದಕ್ಕೆ 'ಖಂಡಿತ' ಎಂಬ ಮಾತು ಕೊಡುತ್ತಾರೆಂದರೆ ಅವರು ಸುಳ್ಳು ಹೇಳುತ್ತಿದ್ದಾರೆ.

ಹಣಕ್ಕಿಂತ ನನಗೆ ಹೆಚ್ಚು ಆತಂಕ ತಂದದ್ದು ನೀವು ಕಳುಹಿಸಿದ ಒಪ್ಪಂದ ಪತ್ರ. ಅದರ ಎರಡನೆಯ ಪುಟದಲ್ಲಿ ಚಿತ್ರದ ಎಲ್ಲ ಹಕ್ಕುಗಳು, ಎಲ್ಲ ಭಾಷೆಗಳಲ್ಲಿ, ಎಲ್ಲ ಮಾಧ್ಯಮಗಳಲ್ಲಿ, ಜಗತ್ತಿನಾದ್ಯಂತ, ಶಾಶ್ವತವಾಗಿ ಅವರಿಗೆ ಸೇರುತ್ತವೆ ಎಂದಿದೆ. ಅಂದರೆ ಹಣ ಕೊಡುವವರೂ ನೀವೇ, ಚಿತ್ರ ಬಿಟ್ಟುಕೊಡುವವರೂ ನೀವೇ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಹಕ್ಕಿನ ವರ್ಗಾವಣೆ ಬರಹದಲ್ಲಿರಬೇಕು, ಸಹಿ ಆಗಿರಬೇಕು, ಯಾವ ಹಕ್ಕು, ಎಷ್ಟು ಅವಧಿಗೆ, ಯಾವ ಪ್ರದೇಶಕ್ಕೆ ಎಂಬುದು ಸ್ಪಷ್ಟವಾಗಿರಬೇಕು. ಅವಧಿ ಬರೆಯದಿದ್ದರೆ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ ಎಂದು ಕಾಯ್ದೆಯೇ ಹೇಳುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ ವರ್ಗಾವಣೆ ತಾನಾಗಿ ಬಿದ್ದುಹೋಗುತ್ತದೆ, ಆದರೆ ಒಪ್ಪಂದದಲ್ಲಿ ಬೇರೆ ರೀತಿ ಬರೆದಿದ್ದರೆ ಈ ರಕ್ಷಣೆ ಇರುವುದಿಲ್ಲ. ನಿಮ್ಮ ಒಪ್ಪಂದ ಪತ್ರದ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುವ ಸಾಲು ಸರಿಯಾಗಿ ಆ ರಕ್ಷಣೆಯನ್ನೇ ತೆಗೆದುಹಾಕಿದೆ. ಮಂಡಿಗೆ ಅಡಿಕೆ ಹಾಕಿದ ನಿಮ್ಮ ಅಪ್ಪಂದಿರು ತೂಕದ ಚೀಟಿ ಓದದೆ ಮನೆಗೆ ಬರುವುದಿಲ್ಲ, ನೀವೇಕೆ ಓದದೆ ಸಹಿ ಹಾಕುತ್ತೀರಿ? ಯಾರ ಜೊತೆಗಾದರೂ ಒಪ್ಪಂದ ಮಾಡಿಕೊಳ್ಳುವುದಿದ್ದರೆ ಒಟಿಟಿ ಹಕ್ಕನ್ನು ಮಾತ್ರ, ಎರಡು ವರ್ಷಕ್ಕೆ ಮಾತ್ರ ಕೊಡಿ. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕೆಂದು ಬರೆಸಿ, ಸಹಿಗೆ ಮೊದಲು ವಕೀಲರಿಗೆ ತೋರಿಸಿ.

ಇನ್ನು ನಿಮ್ಮ ಕಡೆಯ ಕಾಗದಗಳ ವಿಷಯ. ಆರು ಮಂದಿಯಲ್ಲಿ ನಿರ್ಮಾಪಕರು ಯಾರು? ಚಿತ್ರ ತಯಾರಿಕೆಗೆ ಮುಂದಾಗಿ ಅದರ ಹೊಣೆ ಹೊತ್ತವರನ್ನು ಕಾಯ್ದೆ ನಿರ್ಮಾಪಕರೆಂದು ಕರೆಯುತ್ತದೆ, ಮತ್ತು ಚಿತ್ರದ ಹಕ್ಕು ಮೊದಲು ಅವರಿಗೇ ಸೇರುತ್ತದೆ. ಇದನ್ನು ನೀವು ಸ್ನೇಹದ ಭರವಸೆಗೆ ಬಿಟ್ಟಿದ್ದೀರಿ. ಚಿತ್ರಕ್ಕೆ ನಾಲ್ಕು ಕಾಸು ಬರುವ ಸೂಚನೆ ಕಂಡ ದಿನ ಈ ಸ್ನೇಹ ಉಳಿಯದೆ ಹೋದದ್ದನ್ನು ನಾನು ಕಂಡಿದ್ದೇನೆ. ಈ ವಾರವೇ ಒಂದು ಕರಾರು ಬರೆದು ಆರೂ ಮಂದಿ ಸಹಿ ಹಾಕಿ. ಕಾಲೇಜಿನ ಕ್ಯಾಮೆರಾ ಬಳಸಿದ್ದರೆ, ಅಥವಾ ಚಿತ್ರಕ್ಕೆ ಅಂಕ ಪಡೆದಿದ್ದರೆ, ಹಂಚಿಕೆಗೆ ಅಭ್ಯಂತರವಿಲ್ಲ ಎಂಬ ಪತ್ರವನ್ನು ಪ್ರಾಂಶುಪಾಲರಿಂದ ತೆಗೆದುಕೊಳ್ಳಿ. ನಟಿಸಿದವರ, ಸಂಗೀತ ಮಾಡಿದವರ, ಮನೆ ಬಿಟ್ಟುಕೊಟ್ಟವರ ಒಪ್ಪಿಗೆ ಬರಹದಲ್ಲಿರಲಿ.

ಕಾಗದ ಸರಿಯಿದ್ದ ಮೇಲೂ ಶಬ್ದದಲ್ಲಿ ಸೋಲಬಹುದು. ಸಾಗರದ ಒಂದು ತಂಡದ ಚಿತ್ರದಲ್ಲಿ ಅಜ್ಜಿ ಮತ್ತು ಮೊಮ್ಮಗ ಬಸ್ಸಿನಲ್ಲಿ ಮಾತನಾಡುವ ದೃಶ್ಯವಿತ್ತು. ಇಡೀ ಚಿತ್ರದಲ್ಲಿ ಅದೇ ಅತ್ಯುತ್ತಮ ದೃಶ್ಯ. ಹಿನ್ನೆಲೆಯಲ್ಲಿ ಡ್ರೈವರ್ ಹಾಕಿದ ಹಳೆಯ ಸಿನಿಮಾ ಹಾಡು ಕೇಳುತ್ತಿತ್ತು, ಮತ್ತು ಮಾತು, ಹಾಡು ಎರಡೂ ಒಂದೇ ಮೈಕಿಗೆ, ಒಂದೇ ಟ್ರ್ಯಾಕಿಗೆ ಹೋಗಿದ್ದವು. ಆ ಹಾಡಿನ ಹಕ್ಕು ತಂಡದ ಬಳಿ ಇರಲಿಲ್ಲ, ಹಾಡು ತೆಗೆದರೆ ಅಜ್ಜಿಯ ಮಾತೂ ಹೋಗುತ್ತಿತ್ತು. ಡಬ್ಬಿಂಗ್ ಮಾಡಿಸೋಣವೆಂದರೆ ಅಜ್ಜಿ ಹಾಸಿಗೆ ಹಿಡಿದಿದ್ದರು. ಕೊನೆಗೆ ಆ ದೃಶ್ಯವನ್ನೇ ಕತ್ತರಿಸಬೇಕಾಯಿತು. ನಿಮ್ಮ ಚಿತ್ರದ ಮದುವೆ ಮನೆಯ ದೃಶ್ಯದಲ್ಲಿ ಧ್ವನಿವರ್ಧಕದಿಂದ ಏನು ಕೇಳಿಸುತ್ತಿದೆ ಎಂದು ಇಂದೇ ಕಿವಿಗೊಟ್ಟು ಕೇಳಿ.

ಇಷ್ಟಾದ ಮೇಲೆ ದಾರಿಯ ಮಾತು. ಮೊದಲು ಚಿತ್ರೋತ್ಸವ, ಆಮೇಲೆ ನಿಮ್ಮದೇ ಪ್ರದರ್ಶನಗಳು, ಕೊನೆಯಲ್ಲಿ ಯೂಟ್ಯೂಬ್. ಈ ಕ್ರಮವನ್ನು ಹಿಂದುಮುಂದು ಮಾಡಬೇಡಿ, ಏಕೆಂದರೆ ಒಮ್ಮೆ ಸಾರ್ವಜನಿಕವಾಗಿ ಅಂತರ್ಜಾಲಕ್ಕೆ ಬಂದ ಚಿತ್ರವನ್ನು ಹಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ. 38 ನಿಮಿಷ ಎಂಬುದು ಕಷ್ಟದ ಉದ್ದ. ಆಸ್ಕರ್‌ನ ಕಿರುಚಿತ್ರ ವಿಭಾಗದ ಮಿತಿ 40 ನಿಮಿಷ, ಕಾನ್ ಉತ್ಸವದ ಕಿರುಚಿತ್ರ ಸ್ಪರ್ಧೆಯದು 15 ನಿಮಿಷ. ಕಾರ್ಯಕ್ರಮ ಹೊಂದಿಸುವವರು 38 ನಿಮಿಷದ ಒಂದು ಚಿತ್ರದ ಜಾಗದಲ್ಲಿ ಮೂರು ಚಿತ್ರ ತೋರಿಸಬಹುದೆಂದು ಲೆಕ್ಕ ಹಾಕುತ್ತಾರೆ. ಚಿತ್ರಕ್ಕೆ ಧಕ್ಕೆಯಾಗದಂತೆ 25 ನಿಮಿಷಕ್ಕೆ ಇಳಿಸಲು ಸಾಧ್ಯವೇ ಎಂದು ನಿಮ್ಮ ತಂಡಕ್ಕೆ ಸೇರದ ಒಬ್ಬ ಸಂಕಲನಕಾರರನ್ನು ಕೇಳಿ. ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ, ಕೇರಳದ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, ಬೆಂಗಳೂರಿನ ಕಿರುಚಿತ್ರೋತ್ಸವ, ಇವುಗಳ ನಿಯಮಾವಳಿಯನ್ನು ಪೂರ್ತಿ ಓದಿ ಅರ್ಜಿ ಹಾಕಿ.

ಎರಡನೆಯದಾದ ನಿಮ್ಮದೇ ಪ್ರದರ್ಶನಗಳನ್ನು ಕಡೆಗಣಿಸುವವರನ್ನು ಕಂಡರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ನಿಮ್ಮ ಜಿಲ್ಲೆಯ ಹೆಗ್ಗೋಡಿನಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ, 1973ರಲ್ಲಿ ಚಿತ್ರಸಮಾಜ ಕಟ್ಟಿ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ಹಳ್ಳಿಯ ಪ್ರೇಕ್ಷಕರಿಗೆ ತೋರಿಸಿತು. ಹೊರದೇಶದ ಚಿತ್ರಗಳನ್ನು ಕುಳಿತು ನೋಡಿದ ಈ ಮಲೆನಾಡು ನಿಮ್ಮ ಚಿತ್ರವನ್ನು ನೋಡಲಾರದೇ? ಕಾಲೇಜುಗಳು, ಸಂಘಗಳು, ಊರಿನ ಸಭಾಭವನಗಳಿಗೆ ಪತ್ರ ಬರೆಯಿರಿ. ಅಡಿಕೆ ಕೊಯ್ಲಿನ ದಿನಗಳಲ್ಲಿ ಇಟ್ಟುಕೊಂಡರೆ ಜನ ಬರುವುದಿಲ್ಲ, ಮಳೆಗಾಲದಲ್ಲಿ ಕರೆಂಟ್ ಇರುವುದಿಲ್ಲ. ಫೆಬ್ರುವರಿ, ಮಾರ್ಚ್ ತಿಂಗಳು ಸೂಕ್ತ. ಆದರೆ ಸಾರ್ವಜನಿಕ ಪ್ರದರ್ಶನಕ್ಕೆ ಸೆನ್ಸಾರ್ ಪ್ರಮಾಣಪತ್ರ ಬೇಕು. ಬೆಂಗಳೂರಿನಲ್ಲಿ ಸೆನ್ಸಾರ್ ಮಂಡಳಿಯ ಪ್ರಾದೇಶಿಕ ಕಚೇರಿ ಇದೆ, ಅರ್ಜಿಯನ್ನು ಇ-ಸಿನಿಪ್ರಮಾಣ್ ಜಾಲತಾಣದಲ್ಲಿ ಸಲ್ಲಿಸಬೇಕು, ಏಜೆಂಟರ ಅಗತ್ಯವಿಲ್ಲ. ಬೀಡಿ ಸೇದುವ ದೃಶ್ಯವಿದ್ದರೆ ತಂಬಾಕಿನ ಎಚ್ಚರಿಕೆ ಹಾಕಬೇಕು. ಎತ್ತು, ಎಮ್ಮೆ, ಕೋಳಿಗಳನ್ನು ಬಳಸಿದ್ದರೆ ಪ್ರಾಣಿ ಕಲ್ಯಾಣ ಮಂಡಳಿಯ ಪತ್ರ ಕೇಳುತ್ತಾರೆ. ಅದಕ್ಕೆ ಅರ್ಜಿ ಹಾಕಬೇಕಾದದ್ದು ಚಿತ್ರೀಕರಣಕ್ಕೆ ಮೊದಲು.

ಪ್ರಶ್ನೆ: 30 ಸೆಕೆಂಡಿಗಿಂತ ಕಡಿಮೆ ಹಾಡು ಬಳಸಿದರೆ ಹಕ್ಕುಸ್ವಾಮ್ಯದ ತೊಂದರೆ ಇಲ್ಲವಂತೆ, ನಿಜವೇ? — ಭದ್ರಾವತಿ

ಉತ್ತರ: ಅಂಥ ನಿಯಮ ಭಾರತದ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಇದನ್ನು ನಿಮಗೆ ಹೇಳಿದವರಿಂದ ಬೇರೆ ಸಲಹೆಯನ್ನೂ ಪಡೆಯಬೇಡಿ.

ಪ್ರಶ್ನೆ: ನಮ್ಮ ಚಿತ್ರಕ್ಕೆ ಒಂದೇ ತಿಂಗಳಲ್ಲಿ ನಾಲ್ಕು ಅಂತರರಾಷ್ಟ್ರೀಯ ಪ್ರಶಸ್ತಿ ಬಂದಿದೆ. ಹಂಚಿಕೆದಾರರಿಗೆ ಹೇಗೆ ತಿಳಿಸಬೇಕು? — ಹೊಸನಗರ

ಉತ್ತರ: ತಿಳಿಸಬೇಡಿ. ಪ್ರದರ್ಶನವನ್ನೇ ನಡೆಸದೆ, ಪ್ರವೇಶ ಶುಲ್ಕ ಪಡೆದು ತಿಂಗಳು ತಿಂಗಳು ಪ್ರಶಸ್ತಿ ಹಂಚುವ ಅಂಗಡಿಗಳ ಹೆಸರು ಹಂಚಿಕೆದಾರರಿಗೆ ಚೆನ್ನಾಗಿ ಗೊತ್ತು. ಪೋಸ್ಟರಿನಲ್ಲಿ ಅವುಗಳ ಲಾಂಛನ ಕಂಡರೆ ಅವರು ಚಿತ್ರವನ್ನು ನೋಡುವುದೇ ಇಲ್ಲ.

ಪ್ರಶ್ನೆ: ಶಿವಮೊಗ್ಗದ ಚಿತ್ರಮಂದಿರದಲ್ಲಿ ಒಂದು ದಿನ ಓಡಿಸಿದರೆ ಒಟಿಟಿಯವರು ತೆಗೆದುಕೊಳ್ಳುತ್ತಾರೆಯೇ? — ಶಿಕಾರಿಪುರ

ಉತ್ತರ: ಇಲ್ಲ. ಚಿತ್ರಮಂದಿರದ ಬಾಡಿಗೆಯ ಹಣದಲ್ಲಿ ಒಳ್ಳೆಯ ಇಂಗ್ಲಿಷ್ ಸಬ್‌ಟೈಟಲ್ ಮಾಡಿಸಿ.

ಪ್ರಶ್ನೆ: ಪೆನ್ ಡ್ರೈವ್‌ನಲ್ಲಿ ಎಂಪಿ4 ಫೈಲ್ ಒಯ್ದರೆ ಚಿತ್ರಮಂದಿರದಲ್ಲಿ ಹಾಕುತ್ತಾರೆಯೇ? — ಕೊಪ್ಪ

ಉತ್ತರ: ಚಿತ್ರಮಂದಿರಕ್ಕೂ ದೊಡ್ಡ ಉತ್ಸವಗಳಿಗೂ ಡಿಸಿಪಿ (ಡಿಜಿಟಲ್ ಸಿನಿಮಾ ಪ್ಯಾಕೇಜ್, ಅಂದರೆ ಚಿತ್ರಮಂದಿರದ ಪ್ರೊಜೆಕ್ಟರ್‌ಗೆಂದೇ ಸಿದ್ಧಪಡಿಸಿದ ಫೈಲುಗಳು) ಬೇಕು. ಸೆಕೆಂಡಿಗೆ 24 ಫ್ರೇಮ್‌ನಲ್ಲಿ ಚಿತ್ರೀಕರಿಸಿದ್ದರೆ ತೊಂದರೆ ಕಡಿಮೆ. ಮೊಬೈಲಿನಲ್ಲಿ 30 ಫ್ರೇಮ್‌ಗೆ ಇಟ್ಟು ತೆಗೆದಿದ್ದರೆ ಡಿಸಿಪಿ ಮಾಡುವವರಿಗೆ ಮೊದಲೇ ತಿಳಿಸಿ, ಮತ್ತು ಪ್ರದರ್ಶನದ ಹಿಂದಿನ ದಿನವೇ ಹೋಗಿ ಶಬ್ದ ಸಹಿತ ಪೂರ್ತಿ ಚಿತ್ರವನ್ನು ಪರದೆಯ ಮೇಲೆ ಒಮ್ಮೆ ನೋಡಿ.