ನಾಲ್ಕನೇ ಕೌಂಟರ್ ಊಟಕ್ಕೆ ಹೋಗಿದೆ

ಪ್ರಶ್ನೆ: ಸರ್, ದೂರದ ಒಂದು ದೊಡ್ಡ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದೇನೆ. ಮೂರು ಗಂಟೆ ಕೂತು ಪರೀಕ್ಷೆ ಬರೆದರೂ ಅಂಕಪಟ್ಟಿಯಲ್ಲಿ 'ಗೈರುಹಾಜರಿ' ಅಂತ ಬಂದಿದೆ. ಕೇಳಿದರೆ ಒಂದನೇ ಕೌಂಟರ್‌ನವರು ನಾಲ್ಕಕ್ಕೆ ಕಳಿಸುತ್ತಾರೆ, ನಾಲ್ಕನೆಯವರು ಊಟಕ್ಕೆ ಹೋಗಿರುತ್ತಾರೆ. ಸಾವಿರಾರು ಜನರಲ್ಲಿ ನಾನು ಬರೀ ಒಂದು ರಿಜಿಸ್ಟರ್ ನಂಬರ್. ಬಿಟ್ಟು ಊರಿಗೆ ಬಂದುಬಿಡಲಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಬೆಣ್ಣೆ ದೋಸೆ ತಿನ್ನೋಕೆ ಬಾ ತಮ್ಮಾ, ಓದು ಬಿಟ್ಟು ಬರಬೇಡ. ಕೌಂಟರ್‌ನಲ್ಲಿ ಬಾಯಲ್ಲಿ ಹೇಳಿದ್ದಕ್ಕೆ ದಾಖಲೆ ಇರಲ್ಲ, ಅವರಿಗೆ ಅದೇ ಅನುಕೂಲ. ಅರ್ಜಿ ಬರೆದುಕೊಡು, ನಿನ್ನ ಪ್ರತಿಗೆ ಸೀಲು ಹಾಕಿಸಿಕೊ. ಹಾಲ್ ಟಿಕೆಟ್ ಮೇಲೆ ಮೇಲ್ವಿಚಾರಕರ ಸಹಿ ಇದ್ದರೆ ಜೆರಾಕ್ಸ್ ಲಗತ್ತಿಸು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2023ರ ನಿಯಮದಂತೆ ವಿದ್ಯಾರ್ಥಿಗಳ ಕುಂದುಕೊರತೆ ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು, ಅದು ಸರಿಹೋಗದಿದ್ದರೆ ಮೇಲ್ಮನವಿ ಕೇಳೋಕೆ ಒಂಬುಡ್ಸ್‌ಪರ್ಸನ್ ಅನ್ನೋ ಅಧಿಕಾರಿ ಇದ್ದಾರೆ. ಉತ್ತರ ಪತ್ರಿಕೆಯ ಪ್ರತಿಯನ್ನು ಮಾಹಿತಿ ಹಕ್ಕಿನಲ್ಲೂ ಕೇಳಬಹುದು. ವಿದ್ಯಾರ್ಥಿಗೆ ಆ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅರ್ಜಿ ಶುಲ್ಕ 10 ರೂಪಾಯಿ, ಅವರು ಉತ್ತರ ಕೊಡೋಕೆ ಗಡುವು 30 ದಿನ. ನಿನ್ನ ಬಸ್ ಚಾರ್ಜಿಗಿಂತ ಕಡಿಮೆ ಅಲ್ವಾ?

ರಿಜಿಸ್ಟರ್ ನಂಬರ್ ಮಾತಿಗೆ ನನ್ನ ಹತ್ತಿರ ಔಷಧಿ ಇಲ್ಲ, ಅದು ನಿಜವೇ. ಆದರೆ ಅರ್ಜಿಯಲ್ಲಿ ಅದನ್ನು ಬರೆಯೋಕೆ ಮರೀಬೇಡ!