ಸಂಪಾದಕರ ಉತ್ತರ: ಸಭಾಂಗಣ ತುಂಬಿದ ಮೇಲೂ ದೇಣಿಗೆ ಏಕೆ?

ಮಾನ್ಯರೇ,

ಹೊನ್ನಾವರದಿಂದ ನೀವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಸಹಕಾರಿ ಸಂಘಗಳ ಲೆಕ್ಕಪರಿಶೋಧಕರಾಗಿ ದುಡಿದು ನಿವೃತ್ತರಾದ ನೀವು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ವಾದ್ಯವೃಂದವಾದ ಲೂಸಿಯಾನಾ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದ ಕಛೇರಿ ಕೇಳಿದ್ದೀರಿ. ವಾದನ ಮನಸ್ಸಿಗೆ ಹಿಡಿಸಿತು, ಆದರೆ ಕಾರ್ಯಕ್ರಮದ ಪುಸ್ತಿಕೆಯಲ್ಲಿ ಪುಟಗಟ್ಟಲೆ ದಾನಿಗಳ ಹೆಸರು ನೋಡಿ ನಿಮ್ಮೊಳಗಿನ ಲೆಕ್ಕಪರಿಶೋಧಕ ಎಚ್ಚೆತ್ತ. ಕುರ್ಚಿಗಳು ತುಂಬಿದ್ದವು, ಟಿಕೆಟ್ಟೂ ಅಗ್ಗವಲ್ಲ, ಹೀಗಿದ್ದೂ ದೇಣಿಗೆ ಏಕೆ ಎಂಬುದು ನಿಮ್ಮ ಮೊದಲ ಪ್ರಶ್ನೆ. ಲಾಭದ ಉದ್ದೇಶವೇ ಇಲ್ಲದ ಸಂಸ್ಥೆಯಲ್ಲಿ ಲೆಕ್ಕದ ಮೇಲೆ ಕಣ್ಣಿಡುವವರು ಯಾರು ಎಂಬುದು ಎರಡನೆಯದು. ವಾದಕರೇ ಸಂಸ್ಥೆಯನ್ನು ನಡೆಸುತ್ತಾರೆಂದು ಓದಿ, ‘ಅಡುಗೆಯವನ ಕೈಗೇ ಉಗ್ರಾಣದ ಕೀಲಿಕೈ ಕೊಟ್ಟಂತಾಗಲಿಲ್ಲವೇ’ ಎಂದು ಕೇಳಿರುವುದು ಮೂರನೆಯದು. ಮಗಳು ನಿಮ್ಮ ಹೆಸರಿನಲ್ಲಿ 100 ಡಾಲರ್ ಕೊಡಬೇಕೆಂದಿದ್ದಾಳೆ, ಕೊಡಲೋ ಬೇಡವೋ ಎಂದೂ ಕೇಳಿದ್ದೀರಿ. ಇಂಥ ಪತ್ರ ಅಪರೂಪವಾದ್ದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇನೆ.

ನಿಮಗೆ ಒಗ್ಗುವ ಲೆಕ್ಕದಿಂದಲೇ ತೊಡಗೋಣ. ಇದು ಯಾವುದೇ ಒಂದು ಸಂಸ್ಥೆಯ ಲೆಕ್ಕವಲ್ಲ, ವಿಷಯ ತಿಳಿಯಲೆಂದು ನಾನು ಕಟ್ಟಿಕೊಂಡ ಉದಾಹರಣೆ. 1,500 ಆಸನಗಳ ಸಭಾಂಗಣ ಪೂರ್ತಿ ತುಂಬಿದೆ ಎನ್ನಿ. ಸರಾಸರಿ ಟಿಕೆಟ್ 40 ಡಾಲರ್ ಎಂದರೆ ಸಂಜೆಯ ಗಳಿಕೆ 60,000 ಡಾಲರ್. ವೇದಿಕೆಯ ಮೇಲೆ 70 ವಾದಕರಿದ್ದಾರೆ. ಸುಮಾರು ಎರಡೂವರೆ ಗಂಟೆಯ ಒಂದು ಅಭ್ಯಾಸವನ್ನಾಗಲಿ ಒಂದು ಕಛೇರಿಯನ್ನಾಗಲಿ ಅಲ್ಲಿನವರು ಒಂದು ‘ಸರ್ವಿಸ್’ ಎನ್ನುತ್ತಾರೆ. ನಾಲ್ಕು ಅಭ್ಯಾಸ, ಒಂದು ಕಛೇರಿ ಸೇರಿ ತಲೆಗೆ 5 ಸರ್ವಿಸ್, 70 ಮಂದಿಗೆ 350. ಒಂದಕ್ಕೆ 150 ಡಾಲರ್ ಕೊಟ್ಟರೂ 52,500 ಡಾಲರ್ ಅಲ್ಲಿಗೇ ಕರಗಿತು. ಉಳಿದ 7,500 ಡಾಲರಿನಲ್ಲಿ ಮುಂದೆ ನಿಂತು ವಾದನ ನಡೆಸುವ ನಿರ್ದೇಶಕರ ಮತ್ತು ಅತಿಥಿ ಕಲಾವಿದರ ಸಂಭಾವನೆ, ಸಭಾಂಗಣದ ಬಾಡಿಗೆ, ವೇದಿಕೆಯ ಕೆಲಸಗಾರರ ಕೂಲಿ, ವಾದ್ಯ ಸಾಗಣೆ, ಸ್ವರಪುಸ್ತಕಗಳ ಬಾಡಿಗೆ, ಆಡಳಿತ ಸಿಬ್ಬಂದಿಯ ಸಂಬಳ, ವಿಮೆ, ಜಾಹೀರಾತು ಎಲ್ಲವೂ ಆಗಬೇಕು. ಆಗುವುದಿಲ್ಲ.

ಅದೇ ಕಾರ್ಯಕ್ರಮವನ್ನು ಮರುದಿನವೂ ನುಡಿಸಿದರೆ ಖರ್ಚು ಒಂದೇ ಸರ್ವಿಸ್‌ನಷ್ಟು ಏರಿ ಗಳಿಕೆ ಇಮ್ಮಡಿಸುತ್ತದಲ್ಲ ಎಂದು ನೀವು ಕೇಳಬಹುದು. ದೊಡ್ಡ ನಗರಗಳ ಆರ್ಕೆಸ್ಟ್ರಾಗಳು ಮಾಡುವುದು ಅದನ್ನೇ. ಒಂದು ಕಾರ್ಯಕ್ರಮವನ್ನು ಮೂರು ನಾಲ್ಕು ದಿನ ನುಡಿಸಿ ಅಭ್ಯಾಸದ ಖರ್ಚನ್ನು ಹಂಚಿಹಾಕುತ್ತವೆ. ಪ್ರಾದೇಶಿಕ ಆರ್ಕೆಸ್ಟ್ರಾದ ಕಷ್ಟ ಇರುವುದು ಇಲ್ಲಿಯೇ. ನಾಲ್ಕು ಅಭ್ಯಾಸ ಅದಕ್ಕೂ ತಪ್ಪುವುದಿಲ್ಲ, ಆದರೆ ಮರುದಿನದ 1,500 ಕೇಳುಗರು ಆ ಊರಿನಲ್ಲಿರುವುದಿಲ್ಲ. ಹಾಗಾಗಿ ಅದು ಕೇಳುಗರನ್ನು ಹುಡುಕಿಕೊಂಡು ತಾನೇ ಹೊರಡುತ್ತದೆ. ನೀವು ಕೇಳಿದ ಆರ್ಕೆಸ್ಟ್ರಾ ಪಾಂಚರ್ಟ್ರೇನ್ ಸರೋವರದ ಆಚೆ ದಡದ ಊರುಗಳಿಗೂ ಹೋಗಿ ನುಡಿಸುತ್ತದೆ. ಅದು ಒಳ್ಳೆಯ ಕೆಲಸ, ಆದರೆ ಸಾಗಣೆಯ ಖರ್ಚು ಬೇರೆ.

ಇನ್ನೊಂದು ಕಾರಣ ಇದಕ್ಕಿಂತ ಆಳದ್ದು. ಬೀಥೋವನನ 5ನೇ ಸಿಂಫನಿ, ಅಂದರೆ ವಾದ್ಯವೃಂದಕ್ಕೆಂದು ಬರೆದ ದೊಡ್ಡ ಕೃತಿ, 1808ರಲ್ಲಿ ವಿಯೆನ್ನಾದಲ್ಲಿ ಮೊದಲ ಸಲ ಕೇಳಿಬಂದಿತು. ಅದನ್ನು ನುಡಿಸಲು ಅಂದು ಸುಮಾರು ಅರ್ಧ ಗಂಟೆ ಬೇಕಿತ್ತು, ಇಂದಿಗೂ ಅಷ್ಟೇ ಬೇಕು; ಆಳುಗಳನ್ನು ಕಡಿಮೆ ಮಾಡುವ ಯಂತ್ರ ಅದಕ್ಕೆ ಬಂದಿಲ್ಲ, ಬರುವುದೂ ಇಲ್ಲ. ಈ ನಡುವೆ ಗಿರಣಿಯಲ್ಲಿ, ಬ್ಯಾಂಕಿನಲ್ಲಿ, ಹೊಲದಲ್ಲಿ ಒಬ್ಬ ಮನುಷ್ಯ ಒಂದು ಗಂಟೆಯಲ್ಲಿ ಮಾಡುವ ಕೆಲಸ ಎಷ್ಟೋ ಪಟ್ಟು ಹೆಚ್ಚಿ, ಅದರೊಂದಿಗೆ ಕೂಲಿಯೂ ಹೆಚ್ಚಿತು. ವಾದಕನೂ ಅದೇ ಸಂತೆಯಲ್ಲಿ ಅಕ್ಕಿ ಕೊಳ್ಳಬೇಕಾದ್ದರಿಂದ ಅವನ ಸಂಬಳವೂ ಏರಲೇಬೇಕು. ಹೀಗೆ ಖರ್ಚು ಮತ್ತು ಗಳಿಕೆಯ ನಡುವಿನ ಕಂದರ ವರ್ಷದಿಂದ ವರ್ಷಕ್ಕೆ ಅಗಲವಾಗುವುದನ್ನು ಅರ್ಥಶಾಸ್ತ್ರಜ್ಞರಾದ ವಿಲಿಯಂ ಬೌಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿಯೇ ತೋರಿಸಿಕೊಟ್ಟರು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ನೀವು ಬರೆದಿದ್ದೀರಿ. ಈ ಕಸುಬಿನಲ್ಲಿ ಕಾಲು ಮಡಚುವುದೆಂದರೆ 70 ಮಂದಿಯ ಸಂಗೀತವನ್ನು 40 ಮಂದಿಯಿಂದ ನುಡಿಸುವುದು, ಅಥವಾ ನಾಲ್ಕು ಅಭ್ಯಾಸಗಳ ಬದಲು ಎರಡರಲ್ಲಿ ಮುಗಿಸುವುದು. ಎರಡೂ ಕಿವಿಗೆ ತಿಳಿಯುತ್ತವೆ.

ಟಿಕೆಟ್ಟಿನಿಂದಲೇ ಬದುಕಿದ ಯಕ್ಷಗಾನದ ಡೇರೆ ಮೇಳಗಳ ಉದಾಹರಣೆ ಕೊಟ್ಟಿದ್ದೀರಿ. ಆ ಮೇಳಗಳು ಕಟ್ಟಿದ ವೈಭವವನ್ನು ನಾನೂ ಗೌರವಿಸುತ್ತೇನೆ. ಆದರೆ ಅವುಗಳಲ್ಲಿ ಬಹುಪಾಲು ಇಂದು ಉಳಿದಿಲ್ಲ, ಹರಕೆಯಾಟದ ಮೇಳಗಳು ಉಳಿದಿವೆ. ಹರಕೆಯಾಟದಲ್ಲಿ ಆಟ ಆಡಿಸುವವರು ಖರ್ಚು ಕೊಡುತ್ತಾರೆ, ಬಯಲಿನಲ್ಲಿ ಕುಳಿತ ಊರು ಬಿಟ್ಟಿಯಾಗಿ ನೋಡುತ್ತದೆ, ಕಲಾವಿದರಿಗೆ ಇಡೀ ತಿರುಗಾಟದ ಭರವಸೆ ಇರುತ್ತದೆ. ಅದರ ಹಿಂದೆ ದೇವರ ಮೇಲಿನ ಭಕ್ತಿಯಿದೆ, ಇಲ್ಲಿ ಅದಿಲ್ಲ ಎಂಬ ವ್ಯತ್ಯಾಸ ಸಣ್ಣದಲ್ಲ. ಆದರೂ ಆ ಪುಸ್ತಿಕೆಯಲ್ಲಿ ನೀವು ಕಂಡ ಹೆಸರುಗಳು ಆಟ ಆಡಿಸಿದವರ ಹೆಸರುಗಳೇ ಎಂದು ಭಾವಿಸಿ ನೋಡಿ.

ಕೆಲವು ವರ್ಷಗಳ ಹಿಂದೆ ಅಮೆರಿಕದ ಒಂದು ಸಣ್ಣ ನಗರದಲ್ಲಿ ಆರ್ಕೆಸ್ಟ್ರಾದ ಅಭ್ಯಾಸ ನೋಡುವ ಅವಕಾಶ ನನಗೆ ಸಿಕ್ಕಿತ್ತು. ವೇದಿಕೆಯ ಹಿಂಬದಿಯ ಕೋಣೆಯಲ್ಲಿ ಸ್ವರಪುಸ್ತಕಗಳ ಗ್ರಂಥಪಾಲಕಿ ಒಂದು ದೊಡ್ಡ ರಬ್ಬರು, ಮೆತ್ತನೆಯ ಎರಡು ಪೆನ್ಸಿಲು ಇಟ್ಟುಕೊಂಡು ಕುಳಿತಿದ್ದರು. ಬಾಡಿಗೆಗೆ ತರಿಸಿದ ಪುಸ್ತಕಗಳಲ್ಲಿ ಹಿಂದಿನ ಯಾವುದೋ ಊರಿನ ವಾದಕರು ಮಾಡಿದ್ದ ಕಮಾನಿನ ಗುರುತುಗಳು ಹಾಗೆಯೇ ಇದ್ದವು; ಕಮಾನನ್ನು ಕೆಳಗೆ ಎಳೆಯಲು ಬಾಗಿಲ ಚೌಕಟ್ಟಿನಂಥ ಗುರುತು, ಮೇಲಕ್ಕೆ ತಳ್ಳಲು ಕತ್ತರಿ ಬಾಯ್ದೆರೆದಂಥ ಗುರುತು. ಅವನ್ನು ಅಳಿಸಿ, ತಮ್ಮ ಮುಖ್ಯ ಪಿಟೀಲುವಾದಕರು ಗೊತ್ತುಮಾಡಿದ ಗುರುತುಗಳನ್ನು ಇಬ್ಬರಿಗೊಂದರಂತೆ ಇರುವ ಒಂದೊಂದು ಪ್ರತಿಯಲ್ಲೂ ಅವರು ಕೈಯಾರೆ ಬರೆಯುತ್ತಿದ್ದರು. ಈ ಕೆಲಸಕ್ಕೆ ಎಷ್ಟು ದಿನ ಬೇಕೆಂದು ಕೇಳಿದೆ. ‘ಇವರ ಕೈ ನನಗೆ ಗೊತ್ತು, ಅದಕ್ಕೇ ಬೇಗ ಆಗುತ್ತದೆ’ ಎಂದರು. ಹೊರಗೆ ಅಭ್ಯಾಸ ತೊಡಗಿದಾಗ ಹದಿನೈದಿಪ್ಪತ್ತು ಕಮಾನುಗಳು ಒಂದೇ ಉಸಿರಿನಲ್ಲಿ ಏರಿ ಇಳಿದವು. ಓಬೋ ಎಂಬ ಊದುವಾದ್ಯದ ಮುಖ್ಯ ವಾದಕಿ ಶ್ರುತಿ ಕೊಟ್ಟರೆ ಕೊನೆಯ ಸಾಲಿನವರೆಗೂ ಅದು ಕ್ಷಣದಲ್ಲಿ ನೆಲೆಗೊಳ್ಳುತ್ತಿತ್ತು.

ನಾನು ಹೇಳಬೇಕಾದ ಮುಖ್ಯ ಮಾತು ಇದು. ಒಂದು ಊರು ಆರ್ಕೆಸ್ಟ್ರಾಕ್ಕೆ ಕೊಡುವ ಹಣ ಒಂದು ಸಂಜೆಯ ಕಛೇರಿಗೆ ತೆರುವ ಬೆಲೆಯಲ್ಲ. ಒಬ್ಬರ ಉಸಿರು ಇನ್ನೊಬ್ಬರಿಗೆ ಗೊತ್ತಿರುವ ಎಪ್ಪತ್ತು ಮಂದಿಯನ್ನು ಆ ಊರಿನಲ್ಲಿಯೇ ಉಳಿಸಿಕೊಳ್ಳಲು ತೆರುವ ಬೆಲೆ. ಒಳ್ಳೆಯ ವಾದಕರನ್ನು ಒಂದು ದಿನಕ್ಕೆ ಕೂಡಿಸುವುದು ಕಷ್ಟವಲ್ಲ. ಅವರು ಅಲ್ಲಿಯೇ ಮನೆ ಮಾಡಿ, ಊರಿನ ಮಕ್ಕಳಿಗೆ ಪಾಠ ಹೇಳಿ, ಹತ್ತು ಇಪ್ಪತ್ತು ವರ್ಷ ಒಂದೇ ಸಾಲಿನಲ್ಲಿ ಕೂರುವುದಕ್ಕೆ ವರ್ಷದ ಬಹುಭಾಗ ಸಂಬಳ ಬರುವ ನಂಬಿಕೆ ಬೇಕು. ಟಿಕೆಟ್ಟು ಆ ನಂಬಿಕೆಯನ್ನು ಕೊಡಲಾರದು.

ನಿಮ್ಮ ಎರಡನೆಯ ಪ್ರಶ್ನೆ. ಲಾಭದ ಉದ್ದೇಶವಿಲ್ಲದ ಸಂಸ್ಥೆ ಹಣ ಉಳಿಸಬಾರದು ಎಂದೇನಿಲ್ಲ, ಉಳಿದದ್ದನ್ನು ಯಾರೂ ಮನೆಗೆ ಒಯ್ಯುವಂತಿಲ್ಲ ಎಂದಷ್ಟೇ. ಅಮೆರಿಕದ ತೆರಿಗೆ ಕಾನೂನಿನ 501(ಸಿ)(3) ವಿಧಿಯಡಿ ಬರುವ ಇಂಥ ಸಂಸ್ಥೆಗಳಿಗೆ ಕೊಟ್ಟ ದೇಣಿಗೆಗೆ ದಾನಿಯು ತೆರಿಗೆ ವಿನಾಯಿತಿ ಕೇಳಬಹುದು. ಪ್ರತಿಯಾಗಿ ಸಂಸ್ಥೆ ವರ್ಷವರ್ಷವೂ ‘ಫಾರ್ಮ್ 990’ ಎಂಬ ವಿವರಪತ್ರ ಸಲ್ಲಿಸಬೇಕು. ಅದರಲ್ಲಿ ಮುಖ್ಯ ಅಧಿಕಾರಿಗಳ ಸಂಬಳದ ಅಂಕಿಯೂ ಇರುತ್ತದೆ, ಯಾರು ಬೇಕಾದರೂ ತರಿಸಿಕೊಂಡು ಓದಬಹುದು. ನಿಮ್ಮಂಥವರು ಅದನ್ನು ಕಾದಂಬರಿಯಂತೆ ಓದುತ್ತೀರೆಂದು ನನಗೆ ಗೊತ್ತು.

ಓದುವಾಗ ಮೂರು ಕಡೆ ಬೆರಳಿಟ್ಟು ನೋಡಿ. ಮೊದಲನೆಯದು ಮುಂಗಡ ಚಂದಾ. ಶರತ್ಕಾಲಕ್ಕೆ ತೊಡಗುವ ಕಛೇರಿಗಳ ಋತುವಿನ ಟಿಕೆಟ್ಟುಗಳನ್ನು ಚಂದಾದಾರರಿಗೆ ವಸಂತದಲ್ಲಿಯೇ ಮಾರುವುದು ರೂಢಿ. ಹಾಗೆ ಬಂದ ಹಣ ಮುಂದಿನ ವರ್ಷದ ಋಣ, ಈ ವರ್ಷದ ಆದಾಯವಲ್ಲ. ಕೈ ಬಿಗಿಯಾದ ಸಂಸ್ಥೆ ಅದನ್ನು ಬೇಸಿಗೆಯ ಸಂಬಳಕ್ಕೆ ಬಳಸಿಕೊಂಡರೆ ಬಿತ್ತನೆಯ ಬೀಜವನ್ನೇ ಕುಟ್ಟಿ ಉಂಡಂತೆ. ಮರುವರ್ಷ ಚಂದಾ ಸ್ವಲ್ಪ ಇಳಿದರೂ ಸಾಕು, ಬಾಗಿಲು ಮುಚ್ಚುವ ಮಾತು ಬರುತ್ತದೆ. ಎರಡನೆಯದು ಇಡುಗಂಟು. ಅದರ ಗಾತ್ರಕ್ಕಿಂತ ವರ್ಷಕ್ಕೆ ಎಷ್ಟು ತೆಗೆಯುತ್ತಾರೆ ಎಂಬುದನ್ನು ನೋಡಬೇಕು. ನೂರಕ್ಕೆ ನಾಲ್ಕೈದರಷ್ಟು ತೆಗೆದರೆ ಗಂಟು ಉಳಿಯುತ್ತದೆ, ಕೊರತೆ ಬಂದಾಗಲೆಲ್ಲ ಕೈ ಹಾಕಿದರೆ ಕರಗುತ್ತದೆ. ಮೂರನೆಯದು ಉದ್ದೇಶ ಬರೆದುಕೊಟ್ಟ ದೇಣಿಗೆ. ಹೊಸ ಪಿಯಾನೋ ಕೊಳ್ಳಲೆಂದು ಬಂದ ಹಣವನ್ನು ಸಂಬಳಕ್ಕೆ ಮುಟ್ಟುವಂತಿಲ್ಲ. ಖಾತೆಯಲ್ಲಿ ಲಕ್ಷ ಲಕ್ಷ ಡಾಲರ್ ಇರುವಾಗಲೇ ತಿಂಗಳ ಸಂಬಳಕ್ಕೆ ಪರದಾಡುವ ಸ್ಥಿತಿ ಹೀಗೆ ಹುಟ್ಟುತ್ತದೆ.

ಇನ್ನು ಅಡುಗೆಯವನ ಕೀಲಿಕೈ. ನ್ಯೂ ಆರ್ಲಿಯನ್ಸಿನಲ್ಲಿ ಹಿಂದೆ ಇದ್ದ ಸಿಂಫನಿ ಸಂಸ್ಥೆ ಹಣವಿಲ್ಲದೆ ಮುಳುಗಿದಾಗ ಅದರ ವಾದಕರು 1991ರಲ್ಲಿ ತಾವೇ ಸೇರಿ ಈ ಆರ್ಕೆಸ್ಟ್ರಾವನ್ನು ಕಟ್ಟಿದರು. ವಾದಕರೇ ಅದರ ಒಡೆಯರು ಎನ್ನುವಾಗ ಲಾಭ ಹಂಚಿಕೊಳ್ಳುತ್ತಾರೆ ಎಂದು ಅರ್ಥವಲ್ಲ. ಕಾನೂನು ಅದಕ್ಕೆ ಬಿಡುವುದಿಲ್ಲ. ತೀರ್ಮಾನಗಳಲ್ಲಿ ಅವರು ಪಾಲುದಾರರು, ಕಷ್ಟದಲ್ಲಿಯೂ ಪಾಲುದಾರರು ಎಂದು ಅರ್ಥ. 2005ರ ಆಗಸ್ಟ್ 29ರಂದು ಕತ್ರಿನಾ ಚಂಡಮಾರುತ ಅಪ್ಪಳಿಸಿ ನಗರ ನೀರಿನಲ್ಲಿ ನಿಂತಾಗ ಅವರು ನುಡಿಸುತ್ತಿದ್ದ ಆರ್ಫಿಯಂ ಥಿಯೇಟರಿಗೂ ನೀರು ನುಗ್ಗಿತು. ವಾದಕರು ಹಲವು ರಾಜ್ಯಗಳಿಗೆ ಚದುರಿಹೋದರು. ಬೇರೆ ನಗರಗಳ ಆರ್ಕೆಸ್ಟ್ರಾಗಳು ಅವರನ್ನು ತಮ್ಮ ಸಾಲಿನಲ್ಲಿ ಕೂರಿಸಿಕೊಂಡವು. ಅಲ್ಲಿಯೇ ನೆಲೆ ನಿಲ್ಲುವುದು ಎಷ್ಟೋ ಮಂದಿಗೆ ಸುಲಭವಾಗಿತ್ತು. ಆದರೆ ಅಕ್ಟೋಬರಿನಲ್ಲಿ ಅವರು ನ್ಯಾಶ್ವಿಲ್ಲಿನಲ್ಲಿ ಒಟ್ಟುಗೂಡಿ ನುಡಿಸಿದರು, ಆಮೇಲೆ ನ್ಯೂಯಾರ್ಕಿನಲ್ಲಿ ಅಲ್ಲಿನ ಫಿಲ್‌ಹಾರ್ಮೋನಿಕ್ ವಾದಕರ ಜತೆಗೆ ಕುಳಿತು ನುಡಿಸಿದರು, ಮರುವರ್ಷ ಊರಿಗೆ ಮರಳಿ ಸಿಕ್ಕ ಸಭಾಂಗಣಗಳಲ್ಲಿ ಋತುವನ್ನು ಮುಂದುವರಿಸಿದರು. ಆರ್ಫಿಯಂ ಮತ್ತೆ ಬಾಗಿಲು ತೆರೆದದ್ದು 2015ರಲ್ಲಿ. ಆ ಹತ್ತು ವರ್ಷ ಸ್ವಂತ ಸೂರಿಲ್ಲದೆ ಒಟ್ಟಿಗೆ ಉಳಿದ ತಂಡದ ಕೈಯಲ್ಲಿ ಕೀಲಿಕೈ ಇರುವುದು ನನಗೆ ಅಪಾಯವಾಗಿ ಕಾಣುವುದಿಲ್ಲ.

ನಮ್ಮ ಮೈಸೂರಿನ ಒಂದು ಎಳೆಯೂ ಈ ಕಥೆಯಲ್ಲಿ ಸೇರುತ್ತದೆ. ಧ್ವನಿಮುದ್ರಿಕೆಗಳ ನಿರ್ಮಾಪಕ ವಾಲ್ಟರ್ ಲೆಗ್ 1945ರಲ್ಲಿ ಲಂಡನ್ನಿನಲ್ಲಿ ಫಿಲ್‌ಹಾರ್ಮೋನಿಯಾ ಆರ್ಕೆಸ್ಟ್ರಾ ಕಟ್ಟಿದಾಗ ಅದರ ಆರಂಭದ ವರ್ಷಗಳಿಗೆ ಬಲ ತುಂಬಿದವರಲ್ಲಿ ಶ್ರೀ ಜಯಚಾಮರಾಜೇಂದ್ರ ಒಡೆಯರು ಪ್ರಮುಖರು. ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಅವರೇ. ಸ್ವತಃ ಪಿಯಾನೋ ಬಲ್ಲ ಒಬ್ಬ ದೊರೆಯ ಔದಾರ್ಯವದು. ಆದರೆ ಒಬ್ಬ ದೊಡ್ಡ ದಾನಿ, ಒಬ್ಬ ದೊಡ್ಡ ನಿರ್ವಾಹಕ ಎಂಬ ಏರ್ಪಾಡಿಗೆ ಒಂದು ಮಿತಿಯಿದೆ. 1964ರ ಮಾರ್ಚಿನಲ್ಲಿ ಲೆಗ್ ಆರ್ಕೆಸ್ಟ್ರಾವನ್ನು ನಿಲ್ಲಿಸುವುದಾಗಿ ಪ್ರಕಟಿಸಿದರು. ಒಬ್ಬರ ತೀರ್ಮಾನಕ್ಕೆ ಅಷ್ಟೊಂದು ಮಂದಿ ಬೀದಿಗೆ ಬೀಳುವುದರಲ್ಲಿದ್ದಾಗ ವಾದಕರು ಕೆಲವೇ ದಿನಗಳಲ್ಲಿ ಸಭೆ ಸೇರಿ, ನ್ಯೂ ಫಿಲ್‌ಹಾರ್ಮೋನಿಯಾ ಎಂಬ ಹೆಸರಿನಲ್ಲಿ ತಮ್ಮ ಆಡಳಿತವನ್ನು ತಾವೇ ವಹಿಸಿಕೊಂಡರು. ಹಳೆಯ ನಿರ್ದೇಶಕ ಆಟೋ ಕ್ಲೆಂಪರರ್ ಈ ವಾದಕರ ಬೆನ್ನಿಗೆ ನಿಂತರು. 1977ರಲ್ಲಿ ಹಳೆಯ ಹೆಸರೂ ಮರಳಿ ಸಿಕ್ಕಿತು. ಮಹಾರಾಜರು ನೀರೆರೆದ ಗಿಡವನ್ನು ಉಳಿಸಿದವರು ವಾದಕರು.

ಹಾಗೆಂದು ಈ ದಾರಿ ಸುಖದ್ದೆಂದು ನಾನು ಹೇಳಲಾರೆ. ತಮ್ಮ ಸಂಬಳವನ್ನು ತಾವೇ ತಗ್ಗಿಸುವ ತೀರ್ಮಾನಕ್ಕೆ ಕೈಯೆತ್ತಬೇಕಾದ ಸಭೆಗಳು ಕಠೋರವಾದವು. ಹಗಲು ಅಭ್ಯಾಸ ಮಾಡಿ ಸಂಜೆ ಸಮಿತಿಯಲ್ಲಿ ಕೂರುವ ವಾದಕ ದಣಿಯುತ್ತಾನೆ. ದೇಣಿಗೆ ಕೇಳುವುದು, ಅನುದಾನದ ಅರ್ಜಿ ಬರೆಯುವುದು, ಲೆಕ್ಕ ಇಡುವುದು ಬೇರೆಯದೇ ವಿದ್ಯೆಗಳು; ಅವುಗಳಿಗೆ ತಿಳಿದವರನ್ನೇ ಸಂಬಳ ಕೊಟ್ಟು ಇಟ್ಟುಕೊಳ್ಳಬೇಕು, ಊರಿನ ಗಣ್ಯರನ್ನೂ ಮಂಡಳಿಗೆ ಕರೆತರಬೇಕು. ಅಮೆರಿಕದ ಸಿರಾಕ್ಯೂಸ್ ನಗರದ ಸಿಂಫನಿ ಆರ್ಕೆಸ್ಟ್ರಾ 2011ರಲ್ಲಿ ಮುಳುಗಿತು, ಸ್ಯಾನ್ ಆಂಟೋನಿಯೋದ್ದು 2022ರಲ್ಲಿ. ಎರಡೂ ಕಡೆ ವಾದಕರು ಮತ್ತೆ ಹೊಸ ಸಂಸ್ಥೆ ಕಟ್ಟಿಕೊಂಡರು, ಆದರೆ ನಡುವಿನ ತಿಂಗಳುಗಳಲ್ಲಿ ಊರು ಬಿಟ್ಟವರು ಎಲ್ಲರೂ ಮರಳುವುದಿಲ್ಲ. ಸಾಲಿನಲ್ಲಿ ಪಕ್ಕದ ಕುರ್ಚಿ ಬದಲಾದರೆ ಕಮಾನಿನ ಆ ಒಂದೇ ಉಸಿರನ್ನು ಮತ್ತೆ ಮೊದಲಿನಿಂದ ಕಟ್ಟಬೇಕಾಗುತ್ತದೆ.

ಮಗಳು ಕೊಡಬೇಕೆಂದಿರುವ 100 ಡಾಲರ್ ಕೊಡಲಿ. ಕೊಡುವಾಗ ಇಂಥದ್ದಕ್ಕೇ ಎಂದು ಉದ್ದೇಶ ಬರೆಯದೆ, ಸಂಸ್ಥೆಯ ದಿನನಿತ್ಯದ ಖರ್ಚಿಗೆಂದು ಕೊಡಲು ಹೇಳಿ. ಅದರಿಂದ ಯಾರ ಹೆಸರಿನ ಫಲಕವೂ ಏಳುವುದಿಲ್ಲ, ಆದರೆ ಒಬ್ಬ ವಾದಕರ ಒಂದು ಅಭ್ಯಾಸದ ಬಹುಭಾಗ ಅದರಲ್ಲಿ ನಡೆಯುತ್ತದೆ. ಮುಂದಿನ ಋತುವಿನ ಚಂದಾ ಕಟ್ಟುವ ಯೋಚನೆ ಇದ್ದರೆ ಕೊನೆಯ ವಾರಕ್ಕೆ ಬಿಡದೆ ವಸಂತದಲ್ಲಿಯೇ ಕಟ್ಟಲಿ. ಮತ್ತೆ ಅಲ್ಲಿಗೆ ಹೋದಾಗ ಸಾಧ್ಯವಾದರೆ ಅರ್ಧ ಗಂಟೆ ಮೊದಲೇ ಸಭಾಂಗಣಕ್ಕೆ ಹೋಗಿ ಕುಳಿತುಕೊಳ್ಳಿ. ವಾದಕರು ಒಬ್ಬೊಬ್ಬರಾಗಿ ಬಂದು, ಸ್ಟ್ಯಾಂಡಿನ ಮೇಲಿನ ಪುಟದಲ್ಲಿ ಪೆನ್ಸಿಲಿನಿಂದ ಏನೋ ತಿದ್ದಿಕೊಂಡು, ಪಕ್ಕದವರಿಗೆ ತೋರಿಸುವುದು ನಿಮಗೆ ಕಾಣುತ್ತದೆ.

ಸಂಪಾದಕ