ಅದು 'ಟವರಿಂಗ್ ಇನ್‌ಫರ್ನೊ' ಅಲ್ಲ, ಟಿವಿಗೇ ಮಾಡಿದ ಸಿನಿಮಾ

ಕ್ರಿಸ್‌ಮಸ್ ಹಿಂದಿನ ರಾತ್ರಿ ಆಫೀಸ್ ಪಾರ್ಟಿ, ಮುಗಿದ ಮೇಲೂ ಮೇಲೇ ಉಳಿದ ಕೆಲವರು, ಕಟ್ಟಡಕ್ಕೆ ಬೆಂಕಿ. ಇಂಥದೊಂದು ಹಳೇ ಸಿನಿಮಾ ನೆನಪಿದೆ, ಅದು ಗಗನಚುಂಬಿ ಕಟ್ಟಡದ ಬೆಂಕಿಯ ಹಾಲಿವುಡ್ ಸಿನಿಮಾ 'ಟವರಿಂಗ್ ಇನ್‌ಫರ್ನೊ' ಇರಬಹುದಾ ಅಂತ ಕೇಳಿದ್ದೀರಿ. ಅಲ್ಲ. ನೀವು ಹುಡುಕುತ್ತಿರುವುದು 'ಟೆರರ್ ಆನ್ ದಿ 40ತ್ ಫ್ಲೋರ್'. ನಿರ್ದೇಶಕ ಜೆರ್ರಿ ಜೇಮ್ಸನ್, ಮುಖ್ಯ ಪಾತ್ರದಲ್ಲಿ ಜಾನ್ ಫೋರ್ಸಿತ್. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1974ರ ಸೆಪ್ಟೆಂಬರ್‌ನಲ್ಲಿ ಬಂತು. 'ಇನ್‌ಫರ್ನೊ' ಥಿಯೇಟರಿಗೆ ಬಂದಿದ್ದು ಅದೇ ವರ್ಷ ಡಿಸೆಂಬರ್‌ನಲ್ಲಿ. ಅದಕ್ಕೇ ಎರಡೂ ಜನರ ನೆನಪಲ್ಲಿ ಕಲಸಿಹೋಗುತ್ತವೆ.

ಗುರುತು ಹಿಡಿಯೋದು ಸುಲಭ. ಕಟ್ಟಡದ ಹೊರಗೋಡೆಗೆ ಅಂಟಿಕೊಂಡ ಗಾಜಿನ ಲಿಫ್ಟ್, ಅದರೊಳಗೆ ಜೀವ ಕೈಯಲ್ಲಿ ಹಿಡಿದು ನಿಂತ ಜನ ನೆನಪಿದ್ದರೆ ಅದು 'ಇನ್‌ಫರ್ನೊ'. ಅಲ್ಲಿ 138 ಮಹಡಿ, ಪಾಲ್ ನ್ಯೂಮನ್, ಸ್ಟೀವ್ ಮಕ್ವೀನ್, ದುಡ್ಡು ಸುರಿದಿರುವುದು ಕಣ್ಣಿಗೇ ಕಾಣುತ್ತದೆ. ನನಗೆ ಮಾತ್ರ ಟಿವಿಯದೇ ಜಾಸ್ತಿ ಇಷ್ಟ. ಸ್ಟಾರ್‌ಗಳ ಮೆರವಣಿಗೆ ಇಲ್ಲ, ನಮ್ಮ ಆಫೀಸಿನಲ್ಲೂ ಇರುವಂಥ ಜನ.

ಆ ವರ್ಷ ಇಂಥ ಕಥೆ ಬರೀ ಕಲ್ಪನೆಯಾಗಿರಲಿಲ್ಲ. 1974ರ ಫೆಬ್ರುವರಿ 1ರಂದು ಬ್ರೆಜಿಲ್‌ನ ಸಾವೊ ಪೌಲೊದಲ್ಲಿ ಜೋಯೆಲ್ಮಾ ಕಟ್ಟಡ ಹೊತ್ತಿ ಉರಿಯಿತು. 25 ಮಹಡಿಗೆ ಇದ್ದಿದ್ದು ಒಂದೇ ಮೆಟ್ಟಿಲು, ಅದರಲ್ಲೂ ಹೊಗೆ ತುಂಬಿತ್ತು. ಜನ ಟೆರೇಸಿಗೆ ಓಡಿದರು, ಹೆಲಿಕಾಪ್ಟರ್ ಇಳಿಯಲು ಆಗಲಿಲ್ಲ. ಆ ಫೋಟೋಗಳನ್ನು ನೋಡಿದ ಮೇಲೆ ಈ ಸಿನಿಮಾವನ್ನು ಸುಮ್ನೆ ಟೈಂಪಾಸ್‌ಗೆ ನೋಡೋಕೆ ನನಗೆ ಆಗಿಲ್ಲ.